ಕುರಿ ಕೊಬ್ಬು, ಹರಳೆಣ್ಣೆ ಮತ್ತು ಎರಡು ಮೊಸರಿನ ಡಬ್ಬಿ

ದೇವರ ದೀಪಕ್ಕೆ ತುಪ್ಪ ಕಾಯಿಸಲು ನನ್ನ ಬಳಿ ಒಂದು ಪುಟ್ಟ ಸ್ಟೀಲ್ ಪಾತ್ರೆ ಇತ್ತು. ಮದುವೆಯಾಗಿ ಸ್ಯಾನ್ ಡಿಯಾಗೋಗೆ ಹೊರಟಾಗ ಅಮ್ಮ ಅದರ ತುಂಬ ಹೂಬತ್ತಿ ತುಂಬಿ, ಹಳೆಯ ಸೀರೆಯಲ್ಲಿ ಸುತ್ತಿ, ಸೂಟ್‌ಕೇಸಿನ ನಡುಮಧ್ಯೆ ಇಟ್ಟಿದ್ದರು. ಹತ್ತೊಂಬತ್ತು ವರ್ಷ ಅದರಲ್ಲಿ ತುಪ್ಪ ಬಿಟ್ಟು ಬೇರೇನೂ ಬಿಸಿಯಾಗಿರಲಿಲ್ಲ, ಹಾಲು ಕೂಡ ಇಲ್ಲ. ಅಂಥ ಪಾತ್ರೆಯಲ್ಲಿ ಒಂದು ಶನಿವಾರ ನಮ್ಮ ಯಜಮಾನರು ಕುರಿಯ ಕೊಬ್ಬು ಕರಗಿಸಿದರು.

ತಿನ್ನುವುದಕ್ಕಲ್ಲ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಪಿಸ್ತೂಲಿಗೆ.

ಹೇಗೆ ಶುರುವಾಯಿತೆಂದು ಹೇಳಿಬಿಡುತ್ತೇನೆ. ಕೋವಿಡ್ಡಿನ ಎರಡನೆಯ ವರ್ಷ ಇವರಿಗೆ ಮನೆಯಿಂದಲೇ ಕೆಲಸ. ದಿನವಿಡೀ ಮಲಗುವ ಕೋಣೆಯಲ್ಲಿ ಕೂತು ಕಂಪ್ಯೂಟರಿನೊಳಗಿನ ಯಾರ ಜೊತೆಗೋ ವಾದ ಮಾಡುವುದು, ಸಂಜೆ ಬೇಲಿಯ ಹತ್ತಿರ ನಿಂತು ಪಕ್ಕದ ಮನೆಯವರ ಜೊತೆ ಮಾತಾಡುವುದು. ಪಕ್ಕದ ಮನೆಯವರು ಇಲ್ಲಿಯವರೇ, ಎಂಬತ್ತರ ಹತ್ತಿರದ ಒಂಟಿ ಅಜ್ಜ, ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಹೆಸರು ಹಿಡಿದು ಕರೆಯಮ್ಮ ಎಂದು ಎಷ್ಟು ಸಲ ಹೇಳಿದರೂ ನನ್ನ ನಾಲಿಗೆ ಹೊರಳಲಿಲ್ಲ. ಅಂಕಲ್ ಅನ್ನುತ್ತೇನೆ. ಅವರೂ ಒಪ್ಪಿಕೊಂಡುಬಿಟ್ಟರು.

ಈ ಅಂಕಲ್ ಬಳಿ ನೂರೈವತ್ತು ವರ್ಷದ ಹಿಂದಿನ ಮಾದರಿಯ ಒಂದು ರಿವಾಲ್ವರ್ ಇತ್ತು. ಈಗಿನವುಗಳ ಹಾಗೆ ಸಿದ್ಧ ತೋಟಾ ಹಾಕುವಂಥದ್ದಲ್ಲ. ಅದರ ಗುಂಡನೆಯ ಸಿಲಿಂಡರಿನಲ್ಲಿ ಆರು ಗೂಡು. ಒಂದೊಂದು ಗೂಡಿಗೂ ಅಳೆದು ಕರಿಮದ್ದು ಸುರಿಯಬೇಕು, ಅದರ ಮೇಲೆ ಜಿಡ್ಡಿನಲ್ಲಿ ಅದ್ದಿದ ಉಣ್ಣೆಯ ಬಿಲ್ಲೆ ಇಡಬೇಕು, ಅದರ ಮೇಲೆ ಸೀಸದ ಗುಂಡು ಕೂರಿಸಿ ಒತ್ತಬೇಕು. ತುಂಬಲು ಐದು ನಿಮಿಷ, ಹೊಡೆಯಲು ಅರ್ಧ ನಿಮಿಷ, ಆಮೇಲೆ ತೊಳೆಯಲು ಒಂದು ಗಂಟೆ. ಇಷ್ಟು ನಿಧಾನದ ಕೆಲಸ ಮನೆಯಲ್ಲಿ ನಾನು ಹೇಳಿದ್ದರೆ ಇವರಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಇದಕ್ಕೆ ಹಿಡಿದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಇವರದೂ ಒಂದು ರಿವಾಲ್ವರ್ ಬಂತು, ಗ್ಯಾರೇಜಿನಲ್ಲಿ ಅದಕ್ಕೊಂದು ಬೀಗದ ಪೆಟ್ಟಿಗೆ ಬಂತು, ತಿಂಗಳಿಗೊಮ್ಮೆ ಪೂರ್ವದ ಗುಡ್ಡಗಳ ಕಡೆ ಕ್ಲಬ್ಬಿನ ಪಂದ್ಯಕ್ಕೆ ಹೋಗುವ ರೂಢಿಯೂ ಬಂತು. ಬಡ ಕಾಗದದ ಗುರಿಯನ್ನು ಬಿಟ್ಟು ಮತ್ತಾವುದಕ್ಕೂ ಹೊಡೆಯುವುದಿಲ್ಲ ಎಂದು ದೇವರ ಮುಂದೆ ಮಾತು ತೆಗೆದುಕೊಂಡು ನಾನೂ ಸುಮ್ಮನಾದೆ.

ಈ ಬಿಲ್ಲೆ ಯಾಕೆ ಬೇಕು ಎಂದರೆ, ಕರಿಮದ್ದು ಉರಿದ ಮೇಲೆ ಮಸಿ ಉಳಿಯುತ್ತದೆ. ಅದು ಒಣಗಿ ಗಟ್ಟಿಯಾದರೆ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ. ಬಿಲ್ಲೆಯ ಜಿಡ್ಡು ಮಸಿಯನ್ನು ಮೆತ್ತಗೆ ಇಡುತ್ತದೆ. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ದೋಸೆ ಹೆಂಚಿಗೂ ಇದೇ ನ್ಯಾಯ. ಆದರೆ ಯಾವ ಜಿಡ್ಡು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ಆ ಶನಿವಾರದವರೆಗೆ. ಅವತ್ತು ತರಕಾರಿ ತಂದು ಒಳಗೆ ಕಾಲಿಟ್ಟರೆ ಮನೆಯ ತುಂಬ ಏನೋ ವಾಸನೆ.

“ಏನ್ರೀ ಇದು?”

“ಏನಿಲ್ಲ, ಲೂಬ್ರಿಕೆಂಟು. ಬಿಲ್ಲೆ ಮಾಡ್ತಿದ್ದೆ.”

“ಯಾವುದರದ್ದು?”

“ಎಲ್ಲಾ ನ್ಯಾಚುರಲ್ಲು ಕಣೇ. ಒಂದು ಚೂರೂ ಕೆಮಿಕಲ್ ಇಲ್ಲ.”

ಪಿಜ್ಜಾ ತಿಂದು ಎದೆ ಉರಿದಾಗ ಒಂದು ಲೋಟ ಜೀರಿಗೆ ಕಷಾಯ ಕುಡಿಯದ ಮನುಷ್ಯ ನ್ಯಾಚುರಲ್ ಅಂದಾಗಲೇ ನನಗೆ ಅನುಮಾನ ಬಂತು.

“ಮಟನ್ ಟ್ಯಾಲೋ,” ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ. ಆಗ ಅವಳಿನ್ನೂ ಹೈಸ್ಕೂಲು. “ಇಟ್ಸ್ ಶೀಪ್ ಫ್ಯಾಟ್, ಅಮ್ಮಾ. ಐ ಟೋಲ್ಡ್ ಹಿಮ್ ನಾಟ್ ಇನ್ ದಟ್ ಪಾಟ್.”

ಪಾತ್ರೆ ಸಿಂಕಿನಲ್ಲಿ ಮುಗ್ಧವಾಗಿ ಬೋರಲು ಬಿದ್ದಿತ್ತು.

“ತೊಳೆದಿದೀನಲ್ಲ, ಮೂರು ಸಲ ಸೋಪು ಹಾಕಿ,” ಎಂದರು ಇವರು.

“ನಿಮ್ಮ ಲ್ಯಾಪ್‌ಟಾಪ್ ಮೇಲೆ ನಾನೂ ಸಾರು ಚೆಲ್ಲಿ, ಮೂರು ಸಲ ಸೋಪು ಹಾಕಿ ತೊಳೆದು ಕೊಡ್ತೀನಿ. ಸೋಮವಾರ ಲಾಗಿನ್ ಆಗಿ.”

ಅವತ್ತು ಅಡಿಗೆ ಮಾಡಲಿಲ್ಲ. ಮನೆ ಒರೆಸಿ, ತಲೆಗೆ ಸ್ನಾನ ಮಾಡಿ, ಹಾಲು ಕಾಯಿಸುವ ಪಾತ್ರೆಯಲ್ಲಿ ತುಪ್ಪ ಕಾಯಿಸಿ ದೀಪ ಹಚ್ಚಿದೆ. ನಮ್ಮ ದೇವರ ಮನೆ ಎಂದರೆ ಪ್ಯಾಂಟ್ರಿಯ ಎರಡು ಹಲಗೆ, ಒಲೆಯಿಂದ ನಾಲ್ಕೇ ಹೆಜ್ಜೆ. ಆ ಒಲೆಯ ಮೇಲೆ ತಿಂಗಳಿಗೊಮ್ಮೆ ಕುರಿ ಕೊಬ್ಬು ಕರಗುವುದಾದರೆ ನಾನು ಯಾವ ಮುಖ ಇಟ್ಟುಕೊಂಡು ನೈವೇದ್ಯ ಮಾಡಲಿ? ಇವರಿಗೆ ಅದನ್ನೇ ಹೇಳಿದೆ. ಕೊಬ್ಬು ಮನೆಯಿಂದ ಆಚೆ ಹೋಗಬೇಕು, ಗ್ಯಾರೇಜಿನಿಂದ ಕೂಡ.

“ಅದಿಲ್ದಿದ್ರೆ ಗನ್ ಕಚ್ಕೊಳ್ಳತ್ತೆ ಕಣೇ. ಹಳೇ ಕಾಲದವರು ದಡ್ಡರಾ? ಅಂಕಲ್ ಅವರಪ್ಪನ ಕಾಲದ ರೆಸಿಪಿ ಅದು.”

“ಎಣ್ಣೆ ಹಾಕಿ ಮಾಡಿ.”

“ಒಗ್ಗರಣೆ ಅಲ್ಲಮ್ಮ ಅದು.”

“ಹಂಗಾದ್ರೆ ಒಂದು ಮಾತು. ಕೊಬ್ಬಿಲ್ಲದ ಬಿಲ್ಲೆ ನಾನು ಮಾಡಿ ಕೊಡ್ತೀನಿ. ಒಂದು ಪಂದ್ಯ ಪೂರ್ತಿ ಗನ್ ಕಚ್ಕೊಳ್ಳದೆ ಓಡಿದ್ರೆ ಕೊಬ್ಬು ಆಚೆ. ಕಚ್ಕೊಂಡ್ರೆ ಒಲೆ ನಿಮ್ಮದು, ನಾನು ಬಾಯಿ ಬಿಡಲ್ಲ.”

“ಆಯ್ತು,” ಎಂದು ನಕ್ಕರು. “ಆದ್ರೆ ನನ್ನ ಪಂದ್ಯದಲ್ಲಿ ನಿನ್ನ ಪ್ರಯೋಗ ಬೇಡ. ಬೇರೆ ಯಾರಾದ್ರೂ ಸಿಕ್ರೆ ನೋಡು.”

ಮಾತನ್ನು ಒಪ್ಪಿದರು, ಪರೀಕ್ಷೆಯನ್ನು ಒಪ್ಪಲಿಲ್ಲ. ಸರಿ, ಪರೀಕ್ಷೆಗೆ ಇವರ ಒಪ್ಪಿಗೆ ಯಾಕೆ ಬೇಕು ಎಂದು ನನಗೂ ಅನ್ನಿಸಿತು.

ಸೋಮವಾರ ಇವರು ಮೀಟಿಂಗಿಗೆ ಕೂತ ಮೇಲೆ ಬೇಲಿಯ ಹತ್ತಿರ ಹೋಗಿ ಅಂಕಲ್‌ಗೆ ವಿಷಯ ಹೇಳಿದೆ. ಅವರು ತುಂಬ ಹೊತ್ತು ನೆಲ ನೋಡಿದರು. ನಗು ತಡೆಯುತ್ತಿದ್ದಾರೆ ಎಂದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ. ಆಮೇಲೆ ಒಳಗೆ ಹೋಗಿ ಬಿಲ್ಲೆ ಕತ್ತರಿಸುವ ಉಕ್ಕಿನ ಪಂಚು, ಒಂದು ಮರದ ಸುತ್ತಿಗೆ, ಒಂದು ಮರದ ದಿಮ್ಮಿ ತಂದುಕೊಟ್ಟರು. ಬಟ್ಟೆ ನಿಜವಾದ ಉಣ್ಣೆಯದೇ ಇರಬೇಕು, ನೈಲಾನ್ ಬೆರೆತರೆ ನಳಿಕೆಯೊಳಗೆ ಕರಗಿ ಅಂಟುತ್ತದೆ ಎಂದರು. ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾವನೋ ಕೌಬಾಯಿಯದಿರಬಹುದಾದ ಒಂದು ದಪ್ಪ ಫೆಲ್ಟ್ ಟೋಪಿ ಸಿಕ್ಕಿತು. ಅಂಚಿನಿಂದ ಒಂದು ಚೂರು ಕತ್ತರಿಸಿ ಮಗಳು ಬೆಂಕಿಗೆ ಹಿಡಿದಳು. ಕೂದಲು ಸುಟ್ಟ ವಾಸನೆ ಬಂತು, ಸುರುಟಿತು, ಆರಿಹೋಯಿತು. ಉಣ್ಣೆಯೇ.

ಕೊಬ್ಬಿನ ಬದಲು ಜೇನುಮೇಣ, ಹರಳೆಣ್ಣೆ ಎಂದು ಗೊತ್ತುಮಾಡಿಕೊಂಡೆ. ಯೋಚಿಸಿ ನೋಡಿದರೆ ಇದರಲ್ಲಿ ಮೈಲಿಗೆ ಎಲ್ಲಿದೆ? ಉಣ್ಣೆ ಎಂದರೆ ಧಾಬಳಿ, ನಮ್ಮಜ್ಜಿ ಮಡಿಗೆ ಉಡುತ್ತಿದ್ದದ್ದು ಅದನ್ನೇ. ಜೇನುಮೇಣ ಪಂಚಾಮೃತದ ಜೇನಿನ ಮನೆ. ಹರಳೆಣ್ಣೆ ದೇವರ ದೀಪಕ್ಕೆ ಎಷ್ಟೋ ಮನೆಗಳಲ್ಲಿ ಹಾಕುತ್ತಾರೆ. ಇಂಡಿಯನ್ ಅಂಗಡಿಯಿಂದ ಒಂದು ಬಾಟಲಿ ಹರಳೆಣ್ಣೆ ತಂದೆ. ಕೆಟ್ಟುಹೋದ ಆ ಪಾತ್ರೆಯನ್ನೇ ಗ್ಯಾರೇಜಿನ ಎಲೆಕ್ಟ್ರಿಕ್ ಒಲೆಯ ಮೇಲಿಟ್ಟು, ಒಂದು ಪಾಲು ಮೇಣಕ್ಕೆ ಎರಡು ಪಾಲು ಎಣ್ಣೆ ಹಾಕಿ ಕರಗಿಸಿದೆ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಆರಿಸಿ ಉಗುರಲ್ಲಿ ಒತ್ತಿದರೆ ಮೆತ್ತಗಾಯಿತು. ಗುಡ್ಡದ ಕಡೆಯ ಬಿಸಿಲಿಗೆ ಇದು ನಿಲ್ಲದು ಎಂದು ಇನ್ನಷ್ಟು ಮೇಣ ಹಾಕಿದೆ. ಮೈಸೂರುಪಾಕು ಇಳಿಸುವ ಹದ ಗೊತ್ತಿದ್ದವಳಿಗೆ ಇದೇನು ದೊಡ್ಡದು.

ಬಿಲ್ಲೆ ಹೊಡೆಯುವಾಗ ಒಂದು ಹೊಡೆತಕ್ಕೆ ಒಂದು ರಾಮನಾಮ ಹೇಳಿದೆ. ಕೈಗೂ ಬಾಯಿಗೂ ಒಟ್ಟಿಗೆ ಕೆಲಸ. ಟೋಪಿಯ ಅಂಚೆಲ್ಲ ಮುಗಿಯುವ ಹೊತ್ತಿಗೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ನೂರೆಂಟು ಬಿಲ್ಲೆ. ಎಲ್ಲವನ್ನೂ ಅದ್ದಿ, ಹಿಂಡಿ, ತಟ್ಟೆಯಲ್ಲಿ ಹರಡಿ ಆರಿಸಿದೆ. ಹನ್ನೆರಡನ್ನು ಹೊಡೆದು ನೋಡಲು ಅಂಕಲ್‌ಗೆ ಕೊಟ್ಟೆ. ಎರಡು ದಿನ ಬಿಟ್ಟು ಅವರು ಬೇಲಿಯ ಮೇಲಿಂದ ಹೆಬ್ಬೆರಳು ಎತ್ತಿ ತೋರಿಸಿದರು.

ಇನ್ನು ಉಳಿದದ್ದು ಅದಲುಬದಲು. ಇವರು ಬಿಲ್ಲೆಗಳನ್ನು ಒಂದು ಚಪ್ಪಟೆ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಪಂದ್ಯದ ಹಿಂದಿನ ಮಧ್ಯಾಹ್ನ ಅದರಲ್ಲಿದ್ದ ಕೊಬ್ಬಿನ ಬಿಲ್ಲೆಗಳನ್ನು ಕೈಗವಸು ಹಾಕಿಕೊಂಡು ತೆಗೆದು ನನ್ನವನ್ನು ತುಂಬಿದೆ. ತೆಗೆದವನ್ನು ಕಸಕ್ಕೆ ಹಾಕಿದರೆ ವಾಸನೆಗೆ ರಕೂನುಗಳು ಬಂದು ತೊಟ್ಟಿ ಬೀಳಿಸುತ್ತವೆ, ಕಸದ ಲಾರಿ ಬರುವುದು ಮಂಗಳವಾರ. ಅದಕ್ಕೆ ಒಂದು ಖಾಲಿ ಮೊಸರಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಗ್ಯಾರೇಜಿನ ಫ್ರಿಜ್ಜಿನಲ್ಲಿ ಕೆಳಗಿನ ಹಲಗೆಯ ಹಿಂದೆ ತಳ್ಳಿದೆ.

ಇಲ್ಲೇ ನಾನು ಎಡವಿದ್ದು. ಈ ಊರಿನ ಕನ್ನಡದವರ ಮನೆಯಲ್ಲಿ ಮೊಸರಿನ ಡಬ್ಬಿಯಲ್ಲಿ ಮೊಸರು ಬಿಟ್ಟು ಎಲ್ಲವೂ ಇರುತ್ತದೆ. ಹುಳಿ, ದೋಸೆ ಹಿಟ್ಟು, ತೆಂಗಿನ ತುರಿ. ನಮ್ಮ ಮನೆಯಲ್ಲಿ ಅದೇ ಫ್ರಿಜ್ಜಿನ ಮೇಲಿನ ಹಲಗೆಯಲ್ಲಿ, ಅದೇ ಅಳತೆಯ, ಅದೇ ನೀಲಿ ಮುಚ್ಚಳದ ಇನ್ನೊಂದು ಡಬ್ಬಿಯಲ್ಲಿ ತುಪ್ಪದ ಬತ್ತಿ ಇತ್ತು. ಹೂಬತ್ತಿಯನ್ನು ಅಚ್ಚಿನಲ್ಲಿ ನಿಲ್ಲಿಸಿ ಕರಗಿದ ತುಪ್ಪ ಸುರಿದು ಗಟ್ಟಿ ಮಾಡಿ, ಹಬ್ಬಗಳಿಗೆಂದು ಇಟ್ಟುಕೊಳ್ಳುತ್ತೇನೆ.

ಶನಿವಾರ ಪಂದ್ಯಕ್ಕೆ ನಾನೂ ಹೋದೆ. ಪುಳಿಯೋಗರೆ ಕಟ್ಟಿಕೊಂಡು, ಕಿವಿಗೆ ಮುಚ್ಚಳ ಹಾಕಿಕೊಂಡು, ಹಿಂದಿನ ಬೆಂಚಿನಲ್ಲಿ ಕೂತೆ. ಒಂದೊಂದು ಸಲ ಹೊಡೆದಾಗಲೂ ಬಿಳಿ ಹೊಗೆ ಎದ್ದು ದೀಪಾವಳಿಯ ವಾಸನೆ ಬರುತ್ತಿತ್ತು. ಸಾಮಾನ್ಯವಾಗಿ ಮೂರನೆಯ ಸುತ್ತಿಗೆ ಇವರ ಸಿಲಿಂಡರ್ ಬಿಗಿಯಾಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗೊಣಗಿ, ಮತ್ತೆ ಹೊಡೆಯುತ್ತಿದ್ದರು. ಅವತ್ತು ಮೂರಾಯಿತು. ನಾಲ್ಕಾಯಿತು. ನಾನು ಬ್ಯಾಗಿನೊಳಗೆ ಬೆರಳಲ್ಲಿ ಎಣಿಸುತ್ತಿದ್ದೆ. ಐದನೆಯ ಸುತ್ತಿನ ಕೊನೆಯ ಗುಂಡು, ಮೂವತ್ತನೆಯದು, ಹೋದ ಮೇಲೆ ಇವರು ಸಿಲಿಂಡರನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಬೆಣ್ಣೆಯ ಹಾಗೆ ತಿರುಗಿತು.

“ನೋಡಿದ್ಯಾ?” ಎಂದು ನನ್ನ ಹತ್ತಿರ ಬಂದರು, ಮುಖವೆಲ್ಲ ಮಸಿ. “ಒಂದು ಸಲಾನೂ ಒರೆಸ್ಲಿಲ್ಲ. ಕುರಿ ಕೊಬ್ಬು ಅಂದ್ರೆ ಕುರಿ ಕೊಬ್ಬೇ.”

“ಹೌದಾ? ಪುಳಿಯೋಗರೆ ಹಾಕ್ಲಾ?” ಎಂದೆ.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಮಾರನೆಯ ದಿನ ಲಾಸ್ ಏಂಜಲಿಸ್ ಕಡೆ, ಪೋರ್ಟರ್ ರ್ಯಾಂಚ್‌ನಲ್ಲಿರುವ ನಮ್ಮ ನಾದಿನಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ಇವರು ಎಲ್ಲರೆದುರು ಪಂದ್ಯದ ಕಥೆ ಹೇಳೇ ಹೇಳುತ್ತಾರೆ, ಕೊಬ್ಬನ್ನು ಹೊಗಳೇ ಹೊಗಳುತ್ತಾರೆ. ಆಗ ನಾನು ಪಾಯಸ ಬಡಿಸುತ್ತ ಮೆಲ್ಲಗೆ ಬಾಯಿ ಬಿಡಬೇಕು. ಈ ಆಸೆಗೆ ಬಿದ್ದು ಸುಮ್ಮನಿದ್ದೆ. ದೇವರು ಆಸೆಗೆ ಪಾಠ ಕಲಿಸದೆ ಬಿಡುವುದಿಲ್ಲ.

ಭಾನುವಾರ ಬೆಳಗ್ಗೆ ಹೊರಟೆವು, ಪೂಜೆಗೆ ತುಪ್ಪದ ಬತ್ತಿ ನಮ್ಮ ಮನೆಯಿಂದಲೇ. ಅರ್ಧ ದಾರಿ ದಾಟಿ, 405 ಹೆದ್ದಾರಿಯ ಮೇಲೆ ಕಾರುಗಳು ತೆವಳುತ್ತಿದ್ದಾಗ ಸುಮ್ಮನೆ ಕೇಳಿದೆ, “ಬತ್ತಿ ಡಬ್ಬಿ ಇಟ್ಕೊಂಡ್ರಾ?”

“ಇಟ್ಕೊಂಡೆ. ಮೇಲಿಂದು ನೀನು ಬಳಸ್ತಿರೋದು ಅನ್ಸ್ತು, ಅರ್ಧ ಖಾಲಿ ಆಗಿತ್ತು. ಕೆಳಗಡೆ ಹಿಂದೆ ಹೊಸದೊಂದು ಇತ್ತಲ್ಲ, ಅದನ್ನೇ ತಂದೆ.”

ಹತ್ತೊಂಬತ್ತು ವರ್ಷದಲ್ಲಿ ಇವರು ಫ್ರಿಜ್ಜಿನ ಹಿಂದೆ ಕೈ ಹಾಕಿ ಏನನ್ನಾದರೂ ಹುಡುಕಿ ತಂದದ್ದು ಅದೇ ಮೊದಲು.

ಕೆಳಗಡೆ ಹಿಂದೆ ಇದ್ದದ್ದು ಕೊಬ್ಬಿನ ಬಿಲ್ಲೆ. ಡಬ್ಬಿ ಡಿಕ್ಕಿಯಲ್ಲಿ, ಹಣ್ಣಿನ ಬುಟ್ಟಿಯ ಕೆಳಗೆ. ಈಗ ಹೇಳಿದರೆ ನನ್ನ ಪಾಯಸದ ಹೊತ್ತಿನ ಮಜಾ ಹೋಯಿತು. ಹೇಳದಿದ್ದರೆ ಕುರಿ ಕೊಬ್ಬು ನೇರ ದೇವರ ಮುಂದೆ. ಇಳಿಯುತ್ತಲೇ ಡಬ್ಬಿಯನ್ನು ನಾನೇ ಎತ್ತಿಕೊಂಡು ಕಾರಿನಲ್ಲೇ ಬಚ್ಚಿಟ್ಟರಾಯಿತು, ಬತ್ತಿ ಮರೆತು ಬಂದೆವು ಎಂದರಾಯಿತು ಎಂದು ಲೆಕ್ಕ ಹಾಕಿದೆ. ಒಲೆಯ ಮೇಲಿಂದ ಕೊಬ್ಬು ಓಡಿಸಲು ಹೊರಟವಳು ಅದನ್ನು ದೇವರ ಮಂಟಪದವರೆಗೆ ತಲುಪಿಸುವ ದಾರಿಯಲ್ಲಿದ್ದೆ, ಆಗಲೂ ನನಗೆ ಮಜದ್ದೇ ಚಿಂತೆ.

ಆದರೆ ನಾದಿನಿ ಬಾಗಿಲಲ್ಲೇ ಕಾದಿದ್ದಳು. “ಅತ್ತಿಗೆ, ಎಷ್ಟು ಲೇಟು. ಬತ್ತಿ ಎಲ್ಲಿ, ಭಟ್ಟರು ಆಗ್ಲೇ ಶುರು ಮಾಡೋಣ ಅಂತಿದಾರೆ.” ಇವರು ಡಿಕ್ಕಿ ತೆಗೆದು ಡಬ್ಬಿಯನ್ನು ನೇರ ಅವಳ ಕೈಗಿತ್ತರು. ನಾನು ಚಪ್ಪಲಿಯ ಬಕಲ್ ಬಿಚ್ಚುವಷ್ಟರಲ್ಲಿ ಇಬ್ಬರು ಬಂದು ಅಪ್ಪಿಕೊಂಡರು, ಒಬ್ಬರು ಸೀರೆ ಎಲ್ಲಿ ತಗೊಂಡ್ರಿ ಎಂದರು. ಬಿಡಿಸಿಕೊಂಡು ಒಳಗೆ ಓಡಿದೆ.

ಮಂಟಪದ ಮುಂದೆ ಧಾರವಾಡದ ಕಡೆಯ ಒಬ್ಬ ಆಂಟಿ ಕೂತಿದ್ದರು, ಮಡಿಯಲ್ಲಿ ಬಹಳ ಕಟ್ಟುನಿಟ್ಟಿನವರು. ಎರಡು ಬೆಳ್ಳಿ ದೀಪಗಳಲ್ಲಿ ಎರಡು ಬಿಲ್ಲೆ ಆಗಲೇ ಇಟ್ಟಾಗಿತ್ತು. ಒಂದು ಕೈಯಲ್ಲಿ ಉರಿಯುವ ಕಡ್ಡಿ, ಇನ್ನೊಂದರಲ್ಲಿ ಮೂರನೆಯ ಬಿಲ್ಲೆ.

“ಏನ್ರೀ ಇವು, ಬತ್ತಿಗೆ ತುದೀನೇ ಇಲ್ಲಲ್ಲ. ಎಲ್ಲಿ ಹಚ್ಚೂದು?”

ಕಡ್ಡಿ ದೀಪದ ಹತ್ತಿರ ಬಂತು. ನಾನು ಬಗ್ಗಿ ಫೂ ಎಂದು ಊದಿದೆ. ದೇವರ ಮುಂದೆ ಬೆಂಕಿಯನ್ನು ಬಾಯಿಂದ ಊದಿ ಆರಿಸಬಾರದು ಎಂದು ಮಗಳಿಗೆ ಸಾವಿರ ಸಲ ಹೇಳಿದವಳು ನಾನೇ. ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು.

ಒಂದು ಸುಳ್ಳು ಬಾಯಿಯವರೆಗೆ ಬಂದಿತ್ತು, ಹಳೆಯ ಬತ್ತಿ, ಕೆಟ್ಟಿದೆ ಎಂದು. ಎದುರಿಗೆ ಸತ್ಯನಾರಾಯಣನ ಪಟ. ಬೇರೆ ಯಾವ ದೇವರಾಗಿದ್ದರೂ ಏನೋ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಪಾತ್ರೆ, ಕೊಬ್ಬು, ಟೋಪಿ, ಹರಳೆಣ್ಣೆ, ಅದಲುಬದಲು, ಮೊಸರಿನ ಡಬ್ಬಿ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು.

ಮೊದಲು ಮಾತಾಡಿದ್ದು ಇವರು. “ಹಾಗಾದ್ರೆ ನಿನ್ನೆ ನಾನು ಹೊಡೆದಿದ್ದು?”

“ಹರಳೆಣ್ಣೆ.”

“ಮೂವತ್ತೂನಾ?”

“ಮೂವತ್ತೂ.”

“ನಾನು ಎಲ್ಲರ ಹತ್ರಾನೂ ಕುರಿ ಕೊಬ್ಬು ಅಂತ ಹೇಳ್ಕೊಂಡು ಬಂದೆನಲ್ಲೇ.”

“ನೋಡ್ರಿ ಇವರನ್ನ,” ಎಂದರು ಆಂಟಿ, ಬಿಲ್ಲೆ ಹಿಡಿದ ಕೈಯನ್ನು ಮೈಯಿಂದ ದೂರ ಚಾಚಿಕೊಂಡೇ. “ನನ್ನ ಕೈಯಾಗ ಕುರಿ ಕೊಬ್ಬು ಕೊಟ್ಟು, ಗಂಡಾ ಹೆಂಡ್ತಿ ಇಲ್ಲೇ ನಿಂತು ಲೆಕ್ಕಾ ಮಾಡ್ಲಿಕ್ಕತ್ತಾರ. ಯಾರರೆ ನಳಾ ಬಿಡ್ರಿ ಮೊದಲ.”

ನಾದಿನಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಷ್ಟರಲ್ಲಿ ಮಂಟಪದ ಪಕ್ಕದಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಬಂತು. ಭಟ್ಟರು ಅವತ್ತು ಐಪ್ಯಾಡಿನಲ್ಲಿದ್ದರು.

“ಮ್ಯೂಟ್ ಮಾಡಿರ್ಲಿಲ್ಲಮ್ಮ ನೀವು,” ಎಂದರು. “ಬೆಂಕಿ ಹತ್ತಿಲ್ಲ ತಾನೇ? ಹಾಗಾದ್ರೆ ಏನೂ ಆಗಿಲ್ಲ. ಜಾಗ ಒರೆಸಿ, ದೀಪ ಬದಲಾಯಿಸಿ, ಪುಣ್ಯಾಹದ ನೀರು ಪ್ರೋಕ್ಷಣೆ ಮಾಡೋಣ. ಹೊಸ ಬತ್ತಿ ಇದೆಯಾ?”

ಇರಲಿಲ್ಲ. ನಾದಿನಿಯ ಮನೆಯಲ್ಲಿದ್ದದ್ದು ಮೇಕಪ್ ಒರೆಸುವ ಹತ್ತಿ. ಕೈಕಾಲು ತೊಳೆದು ಬಂದು ಅದನ್ನೇ ಬಿಡಿಸಿ, ಎಳೆದು, ಹಾಲಿನಲ್ಲಿ ಅದ್ದಿದ ಬೆರಳಲ್ಲಿ ಹೊಸೆದು ಎಲ್ಲರ ನಡುವೆ ಕೂತು ಬತ್ತಿ ಮಾಡಿದೆ. ಬತ್ತಿ ನೆಟ್ಟಗೆ ಬಂತು. ಆಂಟಿ ಪಕ್ಕದಲ್ಲಿ ಕೂತು ನೋಡಿ, “ಕೈ ಛಲೋ ಅದ,” ಎಂದರು. ಬುದ್ಧಿಯ ಬಗ್ಗೆ ಏನೂ ಹೇಳಲಿಲ್ಲ. ಮುಕ್ಕಾಲು ಗಂಟೆ ತಡವಾಗಿ ದೀಪ ಹತ್ತಿತು, ಹೊಗೆಯಿಲ್ಲದೆ ಉರಿಯಿತು. ಅವತ್ತಿನ ಕರುಣೆಗಳಲ್ಲಿ ಅದೊಂದನ್ನು ನಾನು ಇವತ್ತಿಗೂ ಮರೆತಿಲ್ಲ.

ವಾಪಸು ಬರುವಾಗ ಮನೆ ಹತ್ತಿರವಾದಾಗ ಇವರು, “ಕಚ್ಕೊಳ್ಳಲಿಲ್ಲ ಅಲ್ವಾ,” ಎಂದರು.

“ಏನು?”

“ಗನ್ನು. ಮಾತು ಅಂದ್ರೆ ಮಾತು. ಕೊಬ್ಬು ಆಚೆ.”

ಮಂಗಳವಾರ ಕಸದ ಲಾರಿಗೆ ಡಬ್ಬಿಯನ್ನು ಇವರೇ ಹಾಕಿದರು. ಅದನ್ನು ಬೇಲಿಯಾಚೆಯಿಂದ ನೋಡಿ ಅಂಕಲ್ ಆಗ ಬಾಯಿ ಬಿಟ್ಟರು. ಅವರು ಕೊಬ್ಬು ಬಿಟ್ಟು ಎಷ್ಟೋ ವರ್ಷವಾಯಿತಂತೆ, ಆಲಿವ್ ಎಣ್ಣೆ ಮತ್ತು ಮೇಣವನ್ನೇ ಬಳಸುತ್ತಾರಂತೆ. ಮತ್ತೆ ನಮ್ಮವರಿಗೆ ಯಾಕೆ ಕುರಿ ಕೊಬ್ಬು ಹೇಳಿದಿರಿ ಎಂದರೆ, “ನಿನ್ನ ಗಂಡ ಅಪ್ಪಟ ಹಳೆಯ ವಿಧಾನ ಬೇಕು ಅಂತ ಅಷ್ಟು ಆಸೆಯಿಂದ ಕೇಳಿದ. ಬೇಡ ಅನ್ನಲು ಮನಸ್ಸು ಬರಲಿಲ್ಲ,” ಎಂದರು. ಆಮೇಲೆ ಮೆಲ್ಲಗೆ, ಹರಳೆಣ್ಣೆಯ ಬಿಲ್ಲೆ ಇನ್ನೂ ಇವೆಯೇ ಎಂದು ಕೇಳಿದರು.

ಈಗ ತುಪ್ಪಕ್ಕೆ ಬೇರೆ ಪಾತ್ರೆ ಇದೆ. ಅಮ್ಮನ ಪಾತ್ರೆ ಗ್ಯಾರೇಜಿನಲ್ಲಿದೆ, ಹರಳೆಣ್ಣೆ ಮತ್ತು ಮೇಣಕ್ಕೆ. ಅದನ್ನು ನೋಡಿದಾಗ ಒಮ್ಮೊಮ್ಮೆ ಮನಸ್ಸು ಚುರುಕ್ ಎನ್ನುತ್ತದೆ, ಆದರೆ ನಾನೇನು ಸಾಚಾ ಎಂದು ದೂರಲಿ. ಇವರು ಪಂಚು ಹೊಡೆಯುತ್ತಾರೆ, ನಾನು ಅದ್ದುತ್ತೇನೆ. ಹೊಡೆತಕ್ಕೊಂದು ರಾಮನಾಮ, ಅದು ನನ್ನ ಷರತ್ತು. ಮೊನ್ನೆ ಸುಮ್ಮನೆ ಕೂತು ಎಣಿಸಿದೆ. ಬಿಲ್ಲೆ ನೂರೆಂಟು, ನಾಮ ನೂರ ಮೂರು. ಐದು ಬಿಲ್ಲೆಯನ್ನು ತೆಗೆದು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಮೊಸರಿನ ಡಬ್ಬಿಯಲ್ಲಲ್ಲ. ಬಾಕಿ ಐದು ನಾಮ ಇವರು ಹೇಳಿದ ದಿನ ಕೊಡುತ್ತೇನೆ.